ಲಾಳಿಯ ಎಂಜಲು

೧೮೫೭, ಫೆಬ್ರವರಿ ೭, ಶನಿವಾರ

ಹೊರಗೆ ಕಿಟಕಿಯ ಅಂಚಿನವರೆಗೆ ಹಿಮ ಬಿದ್ದಿದೆ, ಒಳಗೆ ವಸಂತದ ಮೇಲೆ ಎರಡು ಪದ್ಯ ಬಿದ್ದಿವೆ. ಕಣ್ಣೆದುರು ಇದ್ದದ್ದನ್ನು ಬರೆಯುವುದೆಂದರೆ ನಮ್ಮ ಹುಡುಗಿಯರಿಗೆ ಮಾನ ಹೋದ ಹಾಗೆ. ಮೂರನೆಯದು ಸತ್ತ ಬೆಕ್ಕಿನ ಮರಿಯ ಮೇಲೆ. ಬೆಕ್ಕು ಸಾಯುವುದಕ್ಕೆ ಎಂಟು ಸಾಲು ತೆಗೆದುಕೊಂಡಿತು. ಪ್ರಾಸ ಆರನೆಯ ಸಾಲಿಗೇ ಸತ್ತಿತ್ತು.

ಈ ಮನೆ ಮೆರಿಮ್ಯಾಕ್ ಹೊಳೆಯ ದಡದ ಬಟ್ಟೆ ಮಿಲ್ಲಿನದು, ಸೌಟು ಮಾತ್ರ ನನ್ನದು. ಹದಿನಾರು ಜನ ನೇಯುವ ಹುಡುಗಿಯರಿಗೆ ಬೇಯಿಸಿ ಹಾಕುವುದು, ಅವರನ್ನು ಭಾನುವಾರ ಚರ್ಚಿಗೆ ಅಟ್ಟುವುದು, ಶನಿವಾರ ಮಿಲ್ಲು ಬೇಗ ಬಿಟ್ಟ ಮೇಲೆ ‘ಸುಧಾರಣಾ ಮಂಡಳಿ’ ಎಂದು ಕೂರಿಸಿ ಸುಧಾರಿಸುವುದು, ಇದು ವಿಧವೆ ಹುಲ್ಡಾ ಟ್ಯೂಕ್ಸ್‌ಬರಿಯ ಏಳು ವರ್ಷದ ಉದ್ಯೋಗ. ಬೇಯಿಸಿದ್ದು ಖಾಲಿಯಾಗಿದೆ. ಸುಧಾರಿಸಿದ್ದು ಕಾಣುತ್ತಿಲ್ಲ.

ಮಂಡಳಿಯ ಪದ್ಧತಿಯನ್ನು ಮಾಡಿದವಳು ನಾನೇ, ಅದಕ್ಕೆ ಈಗ ಅನುಭವಿಸುತ್ತಿದ್ದೇನೆ. ಹುಡುಗಿಯರು ಬರೆದದ್ದನ್ನು ಹೆಸರಿಲ್ಲದೆ ಚಹಾ ಡಬ್ಬಿಗೆ ಹಾಕುತ್ತಾರೆ. ಅಕ್ಷರದಿಂದ ಯಾರದೆಂದು ತಿಳಿಯಬಾರದಲ್ಲ, ಅದಕ್ಕೆ ಎಲ್ಲವನ್ನೂ ನನ್ನ ಕೈಯಲ್ಲೇ ಅಂದವಾಗಿ ನಕಲು ಮಾಡಿ, ಮೂಲವನ್ನು ಒಲೆಗೆ ಹಾಕಿ, ನಕಲನ್ನು ಗಟ್ಟಿಯಾಗಿ ಓದುತ್ತೇನೆ. ಇವತ್ತು ನಾಲ್ಕನೆಯದಾಗಿ ಓದಿದ್ದು ಇದು:

ನಾನು ಕಿಟಕಿಯ ಪಕ್ಕದ ಮಗ್ಗದವಳು.
ನಾನು ಅದರಾಚೆಯ ಮಗ್ಗದವಳೂ ಹೌದು.
ಅವಳು ಬಾಯಿಟ್ಟು ನೂಲೆಳೆದ ಲಾಳಿಗೆ ನಾನೂ ಬಾಯಿಡುತ್ತೇನೆ.
ಅವಳ ಕೆಮ್ಮು ನನ್ನ ಎದೆಯಲ್ಲಿ ಏಳುತ್ತದೆ.
ಈ ಹತ್ತಿಯನ್ನು ಬಿಸಿಲಲ್ಲಿ ಬಿಡಿಸಿದವಳು ನಾನು.
ನನ್ನನ್ನು ಮಾರಿದ ದಿನ ನನಗೆ ನೆನಪಿದೆ.

ಹೀಗೇ ಇನ್ನೂ ಇಪ್ಪತ್ತು ಸಾಲು. ಪ್ರಾಸವಿಲ್ಲ, ಮಾತ್ರೆಯಿಲ್ಲ, ಮರ್ಯಾದೆಯೂ ಇಲ್ಲ. ನ್ಯೂಯಾರ್ಕ್ ಕಡೆಯಲ್ಲಿ ಈಗ ಹೀಗೂ ಬರೆಯುತ್ತಾರಂತೆ. ಅಲ್ಲಿ ಹಂದಿಗಳೂ ಬೀದಿಯಲ್ಲಿ ಓಡಾಡುತ್ತವಂತೆ. ಹಾಗೆಂದು ನಾವೂ ಬಿಡಲಾಗುತ್ತದೆಯೇ?

ಕಿಟಕಿ ಪಕ್ಕದ ಮಗ್ಗದವರು ಐದಾರು ಜನ, ಆಚೆಯ ಮಗ್ಗದವಳು ಮಾತ್ರ ಯಾರೆಂದು ಎಲ್ಲರಿಗೂ ಗೊತ್ತು. ಹನೋರಾ ಟಿಯರ್ನಿ, ಐರ್ಲೆಂಡಿನವಳು, ಸದಾ ಕೆಮ್ಮುವವಳು. ಲಾಳಿಯ ತೂತಿಗೆ ಬಾಯಿಟ್ಟು ಹೀರಿಯೇ ನೂಲೆಳೆಯುವುದು ಮಿಲ್ಲಿನ ರೂಢಿ, ಒಂದೇ ಲಾಳಿ ಕೈಯಿಂದ ಕೈಗೆ ಹೋಗುತ್ತದೆ. ಮಿಲ್ಲಿನಲ್ಲಿ ಒಂಬತ್ತು ವರ್ಷ ಕಳೆದು ನಮ್ಮ ಹುಡುಗಿಯರಿಗೆಲ್ಲ ಹಿರಿಯಳಾದ ಮಿಸ್ ಲೊವೀಸಾ ಪೆಕ್ ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, ಐರಿಷರ ಎಂಜಲು ತಿಂದೆನೆಂದು ಒಪ್ಪಿಕೊಂಡವಳ ಪಕ್ಕದಲ್ಲಿ ತಾನು ಊಟಕ್ಕೆ ಕೂರುವುದಿಲ್ಲ ಎಂದಳು. ಯಾರೆಂದು ಗೊತ್ತಿಲ್ಲದ ಕಾರಣ ಯಾರ ಪಕ್ಕದಲ್ಲೂ ಕೂರಲಾಗದೆ ನಿಂತೇ ಇದ್ದಳು.

ನನಗೆ ಗೊತ್ತು. ಹನ್ನೊಂದು ವರ್ಷ ಶಾಲೆ ಕಲಿಸಿದವಳು ನಾನು. ಅಕ್ಷರದ ಬಾಲವನ್ನು ಹಾಗೆ ಚಾಟಿಯಂತೆ ಬೀಸುವವಳು ರಾಕ್ಸಾನಾ ಡಂಕ್ಲಿ ಒಬ್ಬಳೇ. ಹಿಟ್ಟು ಕಲಸುವ ಮುಂಚೆ ರೊಟ್ಟಿ ಸುಡುವ ಜಾತಿ.

ಎಲ್ಲರೂ ನಾನೇ ಅಂದರೆ ತೊಳೆಯುವವರಾರು ತಟ್ಟೆ?
ಮಾತಿಗೆ ಪ್ರಾಸ ಹೊಲಿಯದಿದ್ದರೆ ಹರಿದೀತು ಅರ್ಥದ ಬಟ್ಟೆ.

ಫೆಬ್ರವರಿ ೧೦, ಮಂಗಳವಾರ

ತಟ್ಟೆ ಒರೆಸುವ ನೆಪದಲ್ಲಿ ರಾಕ್ಸಾನಾ ಅಡುಗೆಮನೆಗೆ ಬಂದಳು. ಆ ನಾಲ್ಕನೆಯ ಪದ್ಯ, ಅದು ಯಾರದ್ದೋ ಇರಲಿ, ಹೇಗಿತ್ತು ಎಂದು ಕೇಳಿದಳು. ಯಾರದ್ದೋ ಇರಲಿ, ಅವಳಿಗೆ ಪ್ರಾಸ ಕಲಿಯಲು ಹೇಳು ಎಂದೆ. ಪ್ರಾಸ ಸಿಗದ ವಿಚಾರ ಪೂರ್ತಿ ಬೆಂದಿಲ್ಲವೆಂದೇ ಲೆಕ್ಕ ಎಂದೂ ಸೇರಿಸಿದೆ.

ಅವಳು ತಟ್ಟೆ ಕೆಳಗಿಟ್ಟಳು. “ಅಮ್ಮಾವ್ರೇ, ಮಗ್ಗ ಇದೆಯಲ್ಲ, ಅದು ಬೆಳಿಗ್ಗೆಯಿಂದ ಸಂಜೆವರೆಗೂ ಪ್ರಾಸ ಹೊಡೀತಾನೇ ಇರತ್ತೆ. ಬರೆಯುವಾಗಲಾದ್ರೂ ಬೇಡ ಅನ್ಸಲ್ವಾ ಅವಳಿಗೆ? ಬರೆದವಳು ಯಾರೋ, ಅವಳಿಗೆ?”

ಉತ್ತರ ಇತ್ತು, ಸಮಯ ಇರಲಿಲ್ಲ. ನಕಲು ಬೇಕೆಂದಳು. ಒಲೆ ಹಚ್ಚಲು ಇಟ್ಟುಕೊಂಡಿದ್ದೆ, ಕೊಟ್ಟೆ.

ಮೊದಲು ಕಲಿಯಲಿ ಮಾತ್ರೆ, ಆಮೇಲೆ ಹೊರಡಲಿ ಯಾತ್ರೆ.

ಫೆಬ್ರವರಿ ೧೩, ಶುಕ್ರವಾರ

ಉಪ್ಪುಮೀನು, ಆಲೂಗಡ್ಡೆ. ದೂರುಗಳು ಎಂದಿನಂತೆ.

ಪ್ರಾಸವಿಲ್ಲದ ಸಾಲು ಮೀನಿನ ಮುಳ್ಳಿನ ಹಾಗೆ, ಗಂಟಲಲ್ಲಿ ಅಡ್ಡ ನಿಲ್ಲುತ್ತದೆ. ಬೆಳಗಿನಿಂದ ಹಿಟ್ಟು ನಾದುವಾಗಲೂ ಅದೇ. ಸರಿ, ತಿದ್ದಿಯೇ ಬಿಡೋಣವೆಂದು ಕೂತೆ. ‘ಅವಳ ತುಟಿ ಮುಟ್ಟಿದ ಲಾಳಿ, ನನ್ನೆದೆಗೆ ತಂದಿತು ಗಾಳಿ.’ ಓದಿ ನೋಡಿದೆ. ಸಾಬೂನಿನ ಜಾಹೀರಾತಿನ ಹಾಗಿತ್ತು. ಒಲೆಗೆ ಹಾಕಿದೆ. ತಪ್ಪು ಮೂಲದ್ದೇ ಇರಬೇಕು. ಕೊಳೆತ ಸೇಬಿನಲ್ಲಿ ಒಳ್ಳೆಯ ಕಡುಬು ಯಾರೂ ಮಾಡಲಾರರು.

ಫೆಬ್ರವರಿ ೧೮, ಬುಧವಾರ

ಮಿಲ್ಲಿನೊಳಗೆ ಪುಸ್ತಕ ಒಯ್ಯಕೂಡದು. ಬೈಬಲ್ಲೂ ಸರಿ, ಬಾಗಿಲಲ್ಲೇ ಕಿತ್ತುಕೊಳ್ಳುತ್ತಾರೆ. ಆದರೆ ಕಿಟಕಿಯ ಗಾಜಿಗೆ ಪದ್ಯದ ಹಾಳೆ ಅಂಟಿಸಿಕೊಂಡರೆ ಮೇಸ್ತ್ರಿಗಳು ನೋಡಿಯೂ ನೋಡದ ಹಾಗಿರುತ್ತಾರೆ. ಗಾಜು ಪುಸ್ತಕವಲ್ಲ ಎಂಬುದು ಅವರ ತರ್ಕ. ರಾಕ್ಸಾನಾ ನನ್ನ ನಕಲನ್ನು ಹಿಟ್ಟಿನ ಗಂಜಿಯಲ್ಲಿ ತನ್ನ ಕಿಟಕಿಗೆ ಅಂಟಿಸಿದ್ದಾಳಂತೆ. ಗಂಜಿ ನನ್ನ ಅಡುಗೆಮನೆಯದೇ.

ಸುದ್ದಿ ತಂದವಳು ಮಿಸ್ ಪೆಕ್. ಹನೋರಾಗೆ ಓದಲು ಬಾರದು. ಮಗ್ಗದ ಗದ್ದಲದಲ್ಲಿ ಕಿವಿ ಕೆಲಸಕ್ಕೆ ಬಾರದು, ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುವವರು. ರಾಕ್ಸಾನಾ ದಿನಕ್ಕೆ ಮೂರು ಸಾಲಿನಂತೆ ತುಟಿಯಾಡಿಸುತ್ತಾಳಂತೆ, ಅವಳು ನೋಡಿ ನೋಡಿ ಕಲಿಯುತ್ತಾಳಂತೆ. ಹನ್ನೊಂದು ವರ್ಷ ಬೆತ್ತ ಹಿಡಿದು ಕಲಿಸಿದ ನಾನು ಇದನ್ನು ವಿದ್ಯೆ ಎನ್ನಲಾರೆ. ಮೂಕಾಭಿನಯ ಎನ್ನಬಹುದು.

ನನ್ನ ಅಂದದ ಅಕ್ಷರ ಹೋಗಿ ಹೋಗಿ ನೊಣ ಕೂರುವ ಗಾಜಿಗೆ ಸೇರಿತು.

ಫೆಬ್ರವರಿ ೨೧, ಶನಿವಾರ

ಅಂಟುರೋಗ ಹಬ್ಬಿದೆ. ಡಬ್ಬಿಯಲ್ಲಿ ಐದು ಕಾಗದ, ಐದೂ ಪ್ರಾಸವಿಲ್ಲದ್ದು, ಐದೂ ‘ನಾನು’ ಎಂದೇ ಶುರು. ಒಬ್ಬಳು ಹೊಳೆಯಂತೆ. ಒಬ್ಬಳು ಹೊಳೆಗೆ ಹಾರಿದವಳಂತೆ. ಒಬ್ಬಳು ದೇಶದ ಅಧ್ಯಕ್ಷರಂತೆ, ಆಗಲಿ, ಬರುವ ತಿಂಗಳು ಆ ಪಟ್ಟಕ್ಕೆ ಏರಲಿರುವವನಿಗಿಂತ ಕೆಟ್ಟದ್ದೇನೂ ಆಗದು. ನನ್ನ ಮೇಜಿನಲ್ಲಿ ಹಳಬರಿಗೆ ಬೆಣ್ಣೆ ಹತ್ತಿರ, ಹೊಸಬರಿಗೆ ದೂರ, ಇದು ಏಳು ವರ್ಷದ ಕಟ್ಟಳೆ. ಇನ್ನು ಬೆಣ್ಣೆಯೂ ‘ನಾನೇ ನೀನು’ ಎನ್ನುತ್ತಾ ನಡೆದು ಬರಬಹುದು.

ಐದನೆಯದು ಇದು: ‘ನಾನು ಈ ಮನೆಯ ಒಡತಿ. ಹದಿನಾರು ತಟ್ಟೆ ಇಡುತ್ತೇನೆ. ಕಿಟಕಿಯ ಕಡೆ ಮುಖ ಮಾಡಿ ನಿಂತೇ ಉಣ್ಣುತ್ತೇನೆ. ನಾನು ಹಾಡಿಕೊಳ್ಳುವುದನ್ನು ಯಾರೂ ಕೇಳಿಸಿಕೊಂಡಿಲ್ಲ ಎಂದುಕೊಂಡಿದ್ದೇನೆ.’

ಪದ್ಧತಿ ಪದ್ಧತಿಯೇ. ನಾನೇ ನಕಲು ಮಾಡಿದೆ, ನನ್ನ ಬಾಯಲ್ಲೇ ಓದಿದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಸುಲಭವಿತ್ತು. ಕುಚೋದ್ಯವೇ ಇರಬೇಕು. ಅಕ್ಷರ ಬೇಕೆಂದೇ ಸೊಟ್ಟಗೆ ಬರೆದಿದ್ದರು, ಯಾರದೆಂದು ನನಗೂ ತಿಳಿಯಲಿಲ್ಲ.

ಕಾಕಂಬಿ ಹಾಕಿದ ಬೀನ್ಸ್ ಸ್ವಲ್ಪ ತಳ ಹಿಡಿಯಿತು. ಏಳು ವರ್ಷದಲ್ಲಿ ಮೊದಲ ಸಲ.

ಫೆಬ್ರವರಿ ೨೬, ಗುರುವಾರ

ಮಿಲ್ಲಿನ ಏಜೆಂಟ್ ಸ್ಟಿಕ್ನಿ ಹೇಳಿ ಕಳಿಸಿದ. ಇಲ್ಲಿ ಅವನ ಮಾತೇ ಕಾನೂನು. ಅವನ ಮೀಸೆ ಮಾತ್ರ ಯಾವ ಕಾನೂನಿಗೂ ಒಳಪಟ್ಟಿಲ್ಲ. ಹೋದೆ. ಮೇಜಿನ ಮೇಲೆ ನನ್ನ ನಕಲು ಇತ್ತು. ಗಾಜಿನಿಂದ ಚಾಕುವಿನಲ್ಲಿ ಕೆರೆದು ತೆಗೆದದ್ದು, ಕೆಳಗಿನ ಅರ್ಧ ಗಾಜಿನಲ್ಲೇ ಚೂರಾಗಿ ಉಳಿದಿತ್ತು.

ನಡೆದದ್ದಿಷ್ಟು. ಜಾರ್ಜಿಯಾದ ಹತ್ತಿ ದಲ್ಲಾಳಿಯೊಬ್ಬ ಮಿಲ್ಲು ನೋಡಲು ಬಂದಿದ್ದ. ಕಿಟಕಿಯ ಹತ್ತಿರ ನಿಂತು ಹಾಳೆ ಓದಿದ. ಆಮೇಲೆ ಎಲ್ಲ ಮೇಸ್ತ್ರಿಗಳ ಮುಂದೆ, “ಸ್ಟಿಕ್ನಿಯವರೇ, ನಿಮ್ಮ ಹುಡುಗಿ ನನ್ನ ಹೊಲದಲ್ಲೂ ಕೆಲಸ ಮಾಡ್ತಾಳಂತೆ. ಓಡಿ ಬಂದ ಗುಲಾಮಳು ಅಂತ ಕಾಣತ್ತೆ, ಕಾನೂನು ಪ್ರಕಾರ ವಾಪಸ್ ಕಳಿಸಿಕೊಡಿ” ಎಂದನಂತೆ. ದಲ್ಲಾಳಿ ನಕ್ಕನಂತೆ. ಸ್ಟಿಕ್ನಿಯೂ ನಗಬೇಕಾಯಿತಂತೆ. ಆ ನಗು ಅವನಿಗಿನ್ನೂ ಅರಗಿಲ್ಲ.

“ಇದು ನಿಮ್ಮ ಕೈಬರಹ ತಾನೇ, ಟ್ಯೂಕ್ಸ್‌ಬರಿ ಅಮ್ಮಾ?”

“ಹೌದು. ಚಾಕು ಹಾಕಿದ್ದು ನಾನಲ್ಲ.”

“ನೀವು ಕಟ್ಟಿದ್ದಲ್ಲ ಅಂತ ನಂಗೊತ್ತು. ಪ್ರಾಸ ಇಲ್ದೆ ನೀವು ಉಪ್ಪೂ ಕೇಳೋರಲ್ಲ. ಆ ಕಿಟಕಿಯ ಹುಡುಗಿಯರು ಒಬ್ಬಳೂ ಬಾಯಿ ಬಿಡಲ್ಲ. ಯಾರು ಕಟ್ಟಿದ್ದು, ಅದನ್ನ ಹೇಳಿ.”

ಡಬ್ಬಿಯ ಪದ್ಧತಿ ಹೇಳಿದೆ. ಪದ್ಧತಿ ತನಗೆ ಬೇಡ, ಹೆಸರು ಬೇಕು ಎಂದ. ಹೆಸರು ಸಿಕ್ಕರೆ ಅವಳನ್ನು ತೆಗೆದುಹಾಕಿ, ಮೆರಿಮ್ಯಾಕ್ ಹೊಳೆಯ ದಡದ ಎಲ್ಲ ಮಿಲ್ಲುಗಳಿಗೂ ಪತ್ರ ಬರೆಯುತ್ತಾನಂತೆ. ಆಮೇಲೆ ಅವಳಿಗೆ ಎಲ್ಲೂ ಮಗ್ಗ ಸಿಗುವುದಿಲ್ಲ. ಸೋಮವಾರದೊಳಗೆ ಹೇಳದಿದ್ದರೆ ಮನೆಯನ್ನು ಬೇರೆ ವಿಧವೆಗೆ ಕೊಡುತ್ತಾನಂತೆ. ವಿಧವೆಯರು ಬೇಕಾದಷ್ಟಿದ್ದಾರೆ ಎಂದ. ಈ ಮಿಲ್ಲಿನಲ್ಲಿ ಕೊರತೆಯಿಲ್ಲದೆ ತಯಾರಾಗುವ ಮಾಲು ಅದೊಂದೇ ಎಂದು ನಾನು ಹೇಳಲಿಲ್ಲ. ಹೇಳಬೇಕಿತ್ತು.

ಇದರಲ್ಲಿ ಯೋಚಿಸುವುದೇನೂ ಇಲ್ಲ. ಕೆಟ್ಟ ಪದ್ಯ, ಉದ್ಧಟ ಹುಡುಗಿ, ಒಳ್ಳೆಯ ಮನೆ. ಸೋಮವಾರ ಹೇಳಿಬಿಡುತ್ತೇನೆ.

ಫೆಬ್ರವರಿ ೨೭, ಶುಕ್ರವಾರ

ಹನೋರಾಳನ್ನು ಮಗ್ಗದಿಂದ ತೆಗೆದರು. ಕೆಮ್ಮಿನಿಂದ ಬಟ್ಟೆಗೆ ಕಲೆ ಬೀಳುತ್ತದೆ ಎಂಬುದು ಕಾರಣ. ನಾಲ್ಕು ವರ್ಷ ಬೀಳದ ಕಲೆ ದಲ್ಲಾಳಿ ಬಂದ ಮರುದಿನ ಬಿತ್ತು.

ರಾಕ್ಸಾನಾ ತಾನೇ ಹೋಗಿ ಒಪ್ಪಿಕೊಳ್ಳುತ್ತೇನೆಂದಳು. ಕೂರಿಸಿ ಬೈದೆ. ಒಪ್ಪಿಕೊಂಡು ಏನು ಮಾಡುತ್ತೀ, ನ್ಯೂ ಹ್ಯಾಂಪ್‌ಷೈರಿನ ಕಲ್ಲು ಹೊಲಕ್ಕೆ ಹೋಗಿ ನಿನ್ನಪ್ಪನ ಹಂದಿಗಳಿಗೆ ಪದ್ಯ ಓದುತ್ತೀಯಾ ಎಂದೆ. ಸೋಮವಾರದವರೆಗೆ ಬಾಯಿ ಬಿಡಕೂಡದು ಎಂದೆ. ಯಾಕೆ ಸೋಮವಾರದವರೆಗೆ ಎಂದು ಕೇಳಿದಳು. ಬಟ್ಟೆ ಒಣಗಿತೋ ನೋಡು ಹೋಗು ಎಂದೆ.

ಮಾರ್ಚ್ ೧, ಭಾನುವಾರ

ಚರ್ಚಿಗೆ ಹುಡುಗಿಯರನ್ನು ಅಟ್ಟಿ, ತಲೆನೋವೆಂದು ಉಳಿದು, ಕಾಲುವೆ ದಾಟಿ ಐರಿಷ್ ಕೇರಿಗೆ ಹೋದೆ. ಕುತೂಹಲಕ್ಕೆ. ಯಾವಳ ಮೇಲಿನ ಪದ್ಯದಿಂದ ನನ್ನ ಮನೆ ಹೋಗುವುದರಲ್ಲಿದೆಯೋ ಅವಳ ಮುಖವನ್ನಾದರೂ ನೋಡೋಣವೆಂದು. ಕೋಳಿ ಸಾರು ಒಯ್ದದ್ದು ಬರಿಗೈಯಲ್ಲಿ ಹೋಗಬಾರದೆಂಬ ಸಂಪ್ರದಾಯಕ್ಕೆ.

ಕೇರಿಯ ಬಗ್ಗೆ ಮಿಸ್ ಪೆಕ್ ಹೇಳಿದ್ದೆಲ್ಲ ನಿಜ. ಕೆಸರು ನಿಜ, ಹಂದಿ ನಿಜ, ಒಂದೇ ಕೋಣೆಯಲ್ಲಿ ಎರಡು ಸಂಸಾರವೂ ನಿಜ. ನೆಲ ಮಾತ್ರ ನನ್ನ ಅಡುಗೆಮನೆಗಿಂತ ಶುಭ್ರವಾಗಿತ್ತು, ಅದನ್ನು ಮಿಸ್ ಪೆಕ್ ಹೇಳಿರಲಿಲ್ಲ.

ಹನೋರಾ ಒಲೆಯ ಪಕ್ಕ ಒರಗಿದ್ದಳು. ಇಪ್ಪತ್ತೈದಿರಬಹುದು, ನಲವತ್ತೈದೂ ಇರಬಹುದು. ನಾನು ಯಾರೆಂದು ಹೇಳಿದ ತಕ್ಷಣ, ಕೇಳದೆಯೇ, ಇಡೀ ಪದ್ಯವನ್ನು ಹೇಳಿಬಿಟ್ಟಳು. ಒಂದು ಪದವೂ ತಪ್ಪಲಿಲ್ಲ. ನಡುವೆ ಎರಡು ಸಲ ಕೆಮ್ಮು ಬಂತು, ನಿಲ್ಲಿಸಿ, ಬಿಟ್ಟಲ್ಲಿಂದ ಹಿಡಿದಳು. ಕೊನೆಗೆ ನಾನು ನಕಲು ಮಾಡದ ಒಂದು ಸಾಲೂ ಬಂತು:

ಹಡಗಿನಲ್ಲಿ ಬಂದವಳು ನಾನು, ದಾರಿಯಲ್ಲಿ ನೀರಿಗೆ ಬಿಟ್ಟ ತಂಗಿಯೂ ನಾನೇ.

ಇದು ಮೂಲದಲ್ಲಿಲ್ಲವಲ್ಲ ಎಂದೆ. ಮೇಷ್ಟರ ಚಾಳಿ.

“ಇರಲಿಲ್ಲ ಅಮ್ಮಾ. ಜಾಗ ಇತ್ತು, ಹಾಕಿದೆ. ಎಲ್ಲರೂ ಇದ್ದಾರಲ್ಲ ಅದರಲ್ಲಿ, ಅವಳೊಬ್ಬಳು ಹೊರಗೆ ಯಾಕೆ ನಿಲ್ಬೇಕು?”

ಕರ್ತೃವಿನ ಅಪ್ಪಣೆಯಿಲ್ಲದೆ ಸಾಲು ಸೇರಿಸಬಾರದು ಎಂದು ತಿಳಿಹೇಳಿದೆ. ತಲೆಯಾಡಿಸಿದಳು. ಸಾಲು ತೆಗೆಯುತ್ತೇನೆ ಎನ್ನಲಿಲ್ಲ.

ಮನೆಗೆಲ್ಲ ಒಂದೇ ತಗಡಿನ ಲೋಟ. ಅವಳು ಕುಡಿದು ಕೊಟ್ಟಳು, ನಾನೂ ಕುಡಿದೆ. ನೀರು ತುಂಬ ತಣ್ಣಗಿತ್ತು. ಬರುವಾಗ ಕಾಲುವೆಯ ಅಂಚಿನಲ್ಲಿ ಬೂಟು ಹಾಳಾಯಿತು.

ಮಾರ್ಚ್ ೨, ಸೋಮವಾರ

ಹೇಳಿಬಂದೆ.

ಸ್ಟಿಕ್ನಿ ಗುಮಾಸ್ತನನ್ನೂ ಕೂರಿಸಿಕೊಂಡಿದ್ದ, ಹೆಸರು ಬರೆದುಕೊಳ್ಳಲು. ಹೇಳಿ ಎಂದ. ಹುಲ್ಡಾ ಟ್ಯೂಕ್ಸ್‌ಬರಿ ಎಂದೆ. ನಿಮ್ಮ ಹೆಸರಲ್ಲ, ಬರೆದವಳದ್ದು ಎಂದ. ಅದೇ ಎಂದೆ.

ನಕ್ಕ. ತಮಾಷೆಗೆ ಇದು ಹೊತ್ತಲ್ಲ ಎಂದ. ಆಮೇಲೆ ನಾನು ನಗದಿದ್ದುದನ್ನು ನೋಡಿ ಹಾಳೆಯನ್ನು ಮುಂದೆ ತಳ್ಳಿದ. “ಕೆಳಗಿನ ಅರ್ಧ ಇಲ್ಲ. ನಕಲು ಮಾಡಿದವರಾದ್ರೆ ಮರೆತಿರ್ತಾರೆ. ಬರೆದವರಾದ್ರೆ ಬಾಯಿಗೆ ಬರತ್ತೆ. ಹೇಳಿ ನೋಡೋಣ.”

ಹೇಳಿದೆ. ಗುಮಾಸ್ತನ ಲೇಖನಿ ಓಡಿತು. ಹರಿದ ಅರ್ಧವೂ ಬಂತು, ತಡವರಿಸಲಿಲ್ಲ. ಅದು ಮುಗಿದ ಮೇಲೆ ಹಡಗಿನ ಸಾಲೂ ಬಂತು. ಅದರ ಹಿಂದೆ ಇನ್ನೊಂದೂ ಬಂತು:

ಇವರೆಲ್ಲರನ್ನೂ ಗದರಿದವಳು ನಾನು. ಗದರಿಸಿಕೊಂಡು ಸುಮ್ಮನಾದವಳೂ ನಾನೇ.

ಎಲ್ಲಿಂದ ಬಂತೋ. ಕೆಟ್ಟ ಸಾಲು, ನಡಿಗೆಯೇ ಇಲ್ಲ. ಹಿಂದಕ್ಕೆ ತೆಗೆದುಕೊಳ್ಳುವಷ್ಟರಲ್ಲಿ ಗುಮಾಸ್ತ ಬರೆದಾಗಿತ್ತು.

ಸ್ಟಿಕ್ನಿ ಬಹಳ ಹೊತ್ತು ಮೀಸೆ ಎಳೆದುಕೊಂಡ. ಅವನಿಗೆ ನಂಬಿಕೆ ಇರಲಿಲ್ಲ. ಆದರೆ ಹೆಸರೊಂದು ಬೇಕಿತ್ತು, ಅದು ಸಿಕ್ಕಿತ್ತು. “ಒಂದಾದ್ರೂ ಪ್ರಾಸ ಇಡಬಾರದಿತ್ತೇ?” ಎಂದ.

“ಕೂತೆ ಸ್ವಾಮೀ. ಕೂರಲಿಲ್ಲ ಅದು.”

ಸಹಿ ಹಾಕಿಸಿಕೊಂಡ. ಆ ಹಾಳೆಯ ಕೆಳಗೆ ನನ್ನ ಹೆಸರು! ನನ್ನ ಅಂತ್ಯಪ್ರಾಸಗಳನ್ನು ಕಾಂಕಾರ್ಡಿನ ಪತ್ರಿಕೆ ಎರಡು ಸಲ ಅಚ್ಚು ಮಾಡಿದೆ. ಅದನ್ನು ಓದಿದ ಮೂರು ಜನರಿಗೆ ಇನ್ನು ಯಾವ ಮುಖ ತೋರಿಸಲಿ? ಮುಂದಿನ ಸೋಮವಾರದೊಳಗೆ ಮನೆ ಬಿಡಬೇಕು.

ಮಾರ್ಚ್ ೫, ಗುರುವಾರ

ಏಜೆಂಟನ ಬುದ್ಧಿಗೆ ನಮಸ್ಕಾರ. ಎಲ್ಲರಿಗೂ ಎಚ್ಚರಿಕೆಯಾಗಲಿ ಎಂದು ನನ್ನ ಹೆಸರು, ನನ್ನ ಅಪರಾಧ, ಸಾಕ್ಷಿಗಾಗಿ ಇಡೀ ಪದ್ಯ, ಮೂರನ್ನೂ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಮಿಲ್ಲಿನ ಬಾಗಿಲಿಗೆ ಹಚ್ಚಿಸಿದ್ದಾನೆ. ಒಂದು ಕಿಟಕಿಯಲ್ಲಿ ಇದ್ದದ್ದು ಈಗ ದಿನಕ್ಕೆ ನಾಲ್ಕು ಸಲ ಒಂಬೈನೂರು ಜನರ ಕಣ್ಣಿಗೆ ಬೀಳುತ್ತದೆ. ಓದು ಬಾರದವರಿಗೆ ಓದು ಬಂದವರು ಹೇಳುತ್ತಾರಂತೆ, ಬಾಗಿಲಲ್ಲಿ ಗುಂಪಂತೆ. ಅಮೆರಿಕದ ಯಾವ ಕವಿಗೂ ಇಂಥ ಪ್ರಕಾಶಕ ಸಿಕ್ಕಿರಲಾರ.

ಮಿಸ್ ಪೆಕ್ ಕೈಕುಲುಕಿದಳು. ಮೊದಲಿನಿಂದಲೂ ಅನುಮಾನವಿತ್ತು, ಇಷ್ಟು ಕೆಟ್ಟದಾಗಿ ಬರೆಯಲು ಬಹಳ ಓದಿರಬೇಕು ಎಂದಳು. ಮೆಚ್ಚುಗೆಯೆಂದೇ ತೆಗೆದುಕೊಂಡೆ. ಆಮೇಲೆ ತಗ್ಗಿದ ದನಿಯಲ್ಲಿ, ನಿಂತು ಉಣ್ಣುವ ಪದ್ಯ ತನ್ನದು, ಬೇಸರವಾಯಿತೇ ಎಂದಳು. ಇಲ್ಲ ಎಂದೆ.

ರಾಕ್ಸಾನಾ ಮೂರು ದಿನದಿಂದ ನನ್ನ ಮುಖ ನೋಡುತ್ತಿಲ್ಲ.

ಮಾರ್ಚ್ ೯, ಸೋಮವಾರ

ಗಾಡಿ ಬಂದಿದೆ. ಗಾಡಿಯವನು ಕುದುರೆಗೆ ಮೇವು ಹಾಕುತ್ತಿದ್ದಾನೆ, ಅಷ್ಟರಲ್ಲಿ ಇದನ್ನು ಬರೆದು ಮುಗಿಸುತ್ತೇನೆ. ಹೋಗುವುದು ಕಾಂಕಾರ್ಡಿಗೆ, ಅಣ್ಣನ ಮನೆಗೆ. ಅತ್ತಿಗೆಗೆ ನಾನು ಬರುವುದು ಸಂತೋಷವಂತೆ. ಪತ್ರದಲ್ಲಿ ಆ ಪದವನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದಾಳೆ.

ಮಧ್ಯಾಹ್ನದ ಊಟದ ಗಂಟೆಗೆ ರಾಕ್ಸಾನಾ ಓಡುತ್ತಾ ಬಂದಳು, ತಲೆಯ ತುಂಬ ಹತ್ತಿಯ ನವಿರು. ಥ್ಯಾಂಕ್ಸ್ ಹೇಳುತ್ತಾಳೆ, ಅತ್ತರೆ ಏನು ಮಾಡುವುದು ಎಂದುಕೊಳ್ಳುತ್ತಿದ್ದೆ. ಬಾಗಿಲಲ್ಲೇ ನಿಂತು ಹೇಳಿದಳು:

“ಅದು ನನ್ನ ಪದ್ಯ.”

ಹೌದು ಎಂದೆ.

“ಎಲ್ಲರೂ ನಿಮ್ದು ಅಂತಾರೆ. ಬಾಗಿಲಲ್ಲಿ ನಿಂತು ಓದಿ ಓದಿ ನಿಮ್ಮನ್ನ ಹೊಗಳ್ತಾರೆ. ನಾನು ಪಕ್ಕದಲ್ಲೇ ಇರ್ತೀನಿ. ಬಾಯಿ ಮುಚ್ಕೊಂಡು ಹೂಂ ಅನ್ಬೇಕು. ಎಷ್ಟು ಉರಿಯತ್ತೆ ಗೊತ್ತಾ ಅಮ್ಮಾವ್ರೇ?”

“ನೀನೇ ಬರೆದೆಯಲ್ಲೇ, ನಾನೇ ಅವಳು, ಅವಳೇ ನಾನು ಅಂತ. ಬರೆಯುವಾಗ ಸಲೀಸಾಗಿತ್ತು. ಈಗ ಅನುಭವಿಸು.”

ಅವಳಿಗೆ ನಗು ಬಂತು, ತಡೆಯಲು ನೋಡಿದಳು, ತಡೆಯಲಾಗದೆ ಹೊಸ್ತಿಲ ಮೇಲೆ ಕೂತುಬಿಟ್ಟಳು. ನಕ್ಕು ಮುಗಿದ ಮೇಲೆ ಕಣ್ಣು ಒರೆಸಿಕೊಂಡು ಕೇಳಿದಳು, ಕೊನೆಯ ಎರಡು ಸಾಲು ತಾನು ಬರೆದದ್ದಲ್ಲವಲ್ಲ ಎಂದು.

ಹಡಗಿನದು ಹನೋರಾಳದು ಎಂದೆ. ವಾರಕ್ಕೆರಡು ಸಲ ಸಾರು ಒಯ್ಯಬೇಕೆಂದೂ, ಮೂಳೆ ಯಾವ ಅಂಗಡಿಯಲ್ಲಿ ಕೇಳಬೇಕೆಂದೂ ಹೇಳಿದೆ.

“ಅದರ ಮುಂದಿನದು?”

ಪೆಟ್ಟಿಗೆಯ ಆ ಕಡೆ ಹಿಡಿ ಎಂದೆ. ಅವಳು ಹಿಡಿದಳು, ಈ ಕಡೆ ನಾನು ಹಿಡಿದೆ. ಮೆಟ್ಟಿಲಲ್ಲಿ ಮಂಜುಗಡ್ಡೆ ಇತ್ತು. ಒಬ್ಬರ ಕಾಲು ಜಾರಿದರೆ ಇಬ್ಬರೂ ಬೀಳುವ ಹಾಗಿತ್ತು, ಅದಕ್ಕೆ ನಿಧಾನಕ್ಕೆ ಇಳಿದೆವು.